ಮಹಾರಾಣಿಗೆ ಫಿಲ್ಟರ್ ನೀರು

೯ ಫೆಬ್ರವರಿ ೨೦೨೫, ಭಾನುವಾರ

ಮಹಾರಾಣಿಯ ಸ್ನಾನ ಆಯಿತು. ಸ್ಪ್ರೇ ಬಾಟಲಿ, ಫಿಲ್ಟರ್ ನೀರು, ಮೇಲಿನಿಂದ ಕೆಳಗಿನವರೆಗೆ ನಿಧಾನಕ್ಕೆ. ಕುಡಿಯುವ ನೀರಿನ ಘಟಕದಿಂದ ಕ್ಯಾನ್ ಹೊತ್ತು ತರುವವಳು ನಾನು, ಮೊದಲ ಪಾಲು ಅದಕ್ಕೆ. ನನಗೆ ಬೋರ್ ನೀರೇ ಗತಿ. ಮಿಂದು ಬಂದರೆ ಕೂದಲು ತೆಂಗಿನ ನಾರು. ಮೊದಮೊದಲು ಆ ನೀರನ್ನೇ ಇದಕ್ಕೂ ಹಾಕಿದ್ದೆ. ತುದಿಗಳೆಲ್ಲ ಕಂದಾಗಿ ಮುದುಡಿದವು. "ಹಿರಿಯೂರಿನ ಉಪ್ಪು ನೀರಿಗೆ ಬದುಕೋದು ನಿನ್ನಂಥ ಗಟ್ಟಿ ಪ್ರಾಣಿ ಮಾತ್ರ ಕಣೆ" ಅಂತ ಚೌಡಿ ಹೊಳಲ್ಕೆರೆಯಿಂದ ಫೋನಿನಲ್ಲಿ ನಕ್ಕಳು. ಬಿ.ಎಡ್. ರೂಮ್‌ಮೇಟ್ ಅನ್ನುವ ಸಲುಗೆ. ಅವಳು ಟೀಚರ್ ಆಗದೆ ನರ್ಸರಿ ಹಾಕಿಕೊಂಡು ಸುಖವಾಗಿದ್ದಾಳೆ. ಈ ಕ್ಲಬ್‌ಮಾಸ್ ಕೊಟ್ಟವಳೂ ಅವಳೇ. ಕಾಡಿನಲ್ಲಿ ಮರದ ಕೊಂಬೆಗೆ ಅಂಟಿಕೊಂಡು ನೆರಳಲ್ಲಿ ಬೆಳೆಯುವ ಗಿಡ, ನಿಮ್ಮೂರ ಬಿಸಿಲಿಗೆ ವಾರ ಬಾಳುವುದಿಲ್ಲ ಅಂದಿದ್ದಳು. ಬಾಳುತ್ತಿದೆ. ನನ್ನ ಹಟ ಅವಳಿಗೆ ಗೊತ್ತಿಲ್ಲ.

ಬಚ್ಚಲ ಪಕ್ಕದ ಕಿಟಕಿಗೆ ತೂಗುಹಾಕಿದ್ದೇನೆ. ಕುಂಡದಲ್ಲಿ ಮಣ್ಣಿಲ್ಲ. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಅಷ್ಟೆ. ಹಸಿರು ಜಡೆಗಳು ಮೊಳದುದ್ದ ಇಳಿಬಿದ್ದಿವೆ. ಕಿಟಕಿಗೆ ಒದ್ದೆ ಗೋಣಿಚೀಲ. ಗೊಬ್ಬರ ಬೇಡ, ನೇರ ಬಿಸಿಲು ಬೇಡ, ನಿಂತ ನೀರು ಬೇಡ. ಇಷ್ಟು ಬೇಡಗಳಿರುವ ಅಳಿಯ ಸಿಕ್ಕಿದ್ದರೆ ಓಡಿಸುತ್ತಿದ್ದೆವು.

ಅವ್ವ ಮುಖ ತೊಳೆಯಲು ಬಂದವಳು ನಿಂತು ನೋಡಿದಳು.

"ಹೂ ಬಿಡ್ತೈತಾ?"

"ಇಲ್ಲವ್ವ."

"ಕಾಯಿ?"

"ಅದೂ ಇಲ್ಲ."

"ನಿನ್ನಂಗೇ ಐತೆ ಬಿಡು."

ನಲವತ್ತು ದಾಟಿದ, ಮದುವೆಯಾಗದ ಮಗಳಿಗೆ ಆಡುವ ಮಾತೇ ಇದು? ನಕ್ಕು ನಕ್ಕು ಬಾಟಲಿ ಕೈಜಾರಿತು. ಅವ್ವನ ನಾಲಿಗೆ ಇನ್ನೂ ಚುರುಕು. ತಲೆ ಮಾತ್ರ...


೧೬ ಫೆಬ್ರವರಿ

ಯಾರಿಗೂ ಹೇಳಿಲ್ಲ, ಇಲ್ಲಾದರೂ ಬರೆದಿಡುತ್ತೇನೆ. ಈ ಗಿಡ ತಂದದ್ದು ಚಂದಕ್ಕಲ್ಲ.

ಅವ್ವನ ಮರೆವಿಗೆ ಡಾಕ್ಟರು ಒಂದು ಹೆಸರಿಟ್ಟ ದಿನದಿಂದ ಮೊಬೈಲಿನಲ್ಲಿ ಹುಡುಕುವುದೇ ಕೆಲಸವಾಗಿತ್ತು. ಕ್ಲಬ್‌ಮಾಸ್ ಜಾತಿಯ ಕೆಲವು ಗಿಡಗಳಲ್ಲಿ ಯಾವುದೋ ಸತ್ವ ಇದೆಯಂತೆ, ಅದನ್ನು ಮರೆವಿನ ಕಾಯಿಲೆಗೆ ಪ್ರಯೋಗ ಮಾಡಿ ನೋಡುತ್ತಿದ್ದಾರಂತೆ. ಗುಣವಾಗುತ್ತದೆ ಅಂತ ತಿಳಿದವರು ಯಾರೂ ಬರೆದಿಲ್ಲ. ಒಂದು ವಿಡಿಯೋ ಮಾತ್ರ ಭಾರೀ ಧೈರ್ಯದಲ್ಲಿ ಹೇಳಿತು: ಕುದಿಸಿ ಕುಡಿಸಿ, ಹೋದ ನೆನಪು ಹದಿನೈದು ದಿನಕ್ಕೆ ವಾಪಸ್. ಹತ್ತನೇ ಕ್ಲಾಸಿಗೆ ವಿಜ್ಞಾನ ಹೇಳುವವಳು ನಾನು. ಇಂಥದ್ದು ವಾಟ್ಸಾಪಿಗೆ ಬಂದರೆ ಸ್ಟಾಫ್ ರೂಮಿನಲ್ಲಿ ಕಳಿಸಿದವರ ಮಾನ ಕಳೆಯುವವಳು. ಅದೇ ವಿಡಿಯೋ ಬಾಗಿಲು ಹಾಕಿಕೊಂಡು ಮತ್ತೆ ಮತ್ತೆ ನೋಡಿದೆ.

ಚಿತ್ರದುರ್ಗದ ಡಾಕ್ಟರನ್ನು ಕೇಳಿಯೂ ಬಿಟ್ಟೆ. ಕನ್ನಡಕ ತೆಗೆದು ನೋಡಿದರು. "ಮೇಡಂ, ನೀವು ಸೈನ್ಸ್ ಟೀಚರ್ ಅಲ್ವಾ? ಮನೇಲಿ ಕುದಿಸಿ ಕೊಟ್ಟರೆ ವಿಷ ಆಗಬಹುದು. ವಾಂತಿ, ತಲೆಸುತ್ತು, ಎದೆ ಬಡಿತ ಏರುಪೇರು. ಅಮ್ಮನ ವಯಸ್ಸಿಗೆ ಬೇಡವೇ ಬೇಡ." ಆಯ್ತು ಸರ್ ಅಂದೆ. ಹೊರಗೆ ಬಂದು ಹೊಳಲ್ಕೆರೆ ಬಸ್ಸು ಹತ್ತಿದೆ.

ಕುಡಿಸುವುದಿಲ್ಲ. ಬೆಳೆಸುತ್ತೇನೆ, ಅಷ್ಟೆ. ಬೆಳೆಸುವುದಕ್ಕೆ ಯಾರ ಅಪ್ಪಣೆ ಬೇಕು?


೨ ಮಾರ್ಚ್

ದಿನಾ ಕಾಫಿ ಕೊಡುವಾಗ ಅವ್ವನ ಹಾಜರಿ ತೆಗೆದುಕೊಳ್ಳುತ್ತೇನೆ. ನಾನ್ಯಾರು ಹೇಳು. ನಿನ್ನೆಯ ಉತ್ತರ, "ನನ್ನ ತಲೆ ತಿನ್ನಾಕೆ ಹುಟ್ಟಿದೋಳು." ಫುಲ್ ಮಾರ್ಕ್ಸ್.

ಇವತ್ತು ಸುಮ್ಮನೆ ನೋಡಿದಳು. ಕಾಫಿ ಊದಿದಳು. ಒಂದು ಗುಟುಕು ಕುಡಿದಳು. ಮತ್ತೆ ನೋಡಿದಳು. ಆಮೇಲೆ "ಯಸೋದಿ" ಅಂದಳು. ಅಲ್ಲಿಯವರೆಗೆ ನಾನು ಉಸಿರಾಡಿದ್ದು ನೆನಪಿಲ್ಲ.

ಬೇರೆ ಏನಾದರೂ ಮರೆಯಲಿ. ಸೀರೆ ಉಡುವುದು, ಒಲೆ ಆರಿಸುವುದು, ಅಪ್ಪ ತೀರಿಕೊಂಡದ್ದು, ಎಲ್ಲ ಮರೆಯಲಿ, ನಾನಿದ್ದೇನೆ. ನನ್ನನ್ನು ಮರೆಯಬಾರದು. ನನಗೆ ಅವಳೊಬ್ಬಳೇ ಇರುವುದು. ಲೋಕದಲ್ಲಿ ನನ್ನನ್ನು ಲೇ ಅನ್ನುವವರು ಇನ್ಯಾರಿದ್ದಾರೆ? ಉಳಿದವರಿಗೆಲ್ಲ ನಾನು ಮೇಡಮ್ಮು.

ಗಿಡದ ಎರಡು ಜಡೆಯ ತುದಿ ತಿಳಿ ಹಸಿರಾಗಿದೆ. ಹೊಸ ಬೆಳವಣಿಗೆ. ಬೆರಳಿನ ಉಗುರಿನಷ್ಟೂ ಇಲ್ಲ. ತಿಂಗಳಿಗೆ ಇಷ್ಟೇ ಅಂತೆ. ಇದರ ಆತುರ ನೋಡಿದರೆ ಅವ್ವ ನೂರಿಪ್ಪತ್ತು ವರ್ಷ ಕಾಯಬೇಕು.


೨೪ ಮಾರ್ಚ್

ಪರೀಕ್ಷೆ ಡ್ಯೂಟಿ. ಕಾಲು ಊದಿದೆ. ಹಗಲಿಗೆ ಪಕ್ಕದ ಮನೆ ದುರುಗಕ್ಕ ಅವ್ವನ ಜೊತೆ ಕೂರುತ್ತಾಳೆ, ಅದೊಂದು ಪುಣ್ಯ. ಗಿಡಕ್ಕೆ ಮಾತ್ರ ಯಾರೂ ನೀರು ಹಾಕಕೂಡದು ಅಂತ ತಾಕೀತು ಮಾಡಿದ್ದೇನೆ. "ಅದೇನ್ ಬಂಗಾರ ಬಿಡ್ತೈತಾ ಟೀಚರಮ್ಮ" ಅಂದಳು. ಬಿಟ್ಟರೂ ಬಿಡಬಹುದು ಅಂದೆ.


೩೦ ಮಾರ್ಚ್, ಯುಗಾದಿ

ಯಲ್ಲದಕೆರೆಯಿಂದ ತಮ್ಮ ಮಂಜಣ್ಣ ಬಂದಿದ್ದ. ಹೋಳಿಗೆ ಮುಂದಿಟ್ಟುಕೊಂಡು ಅವ್ವ ಅವನಿಗೆ ಹಟ್ಟಿಯ ಕುರಿಗಳ ಬಗ್ಗೆ ಪ್ರಶ್ನೆ ಕೇಳಿದ್ದೇ ಕೇಳಿದ್ದು.

"ಕರಿಮೂತಿದು ಈದೈತಾ?"

"ಈದೈತವ್ವ. ಅವಳಿ."

"ಎರಡಕ್ಕೂ ಹಾಲು ಸಾಕಾಗಲ್ಲ ಅದಕ್ಕೆ. ಒಂದನ್ನ ಬೋಳಿಗೆ ಬಿಡು. ಬೋಳಿ ಒದೆಯಲ್ಲ."

"ಬಿಟ್ಟೀನವ್ವ."

ಮಂಜಣ್ಣನ ಹೆಂಡತಿ ಹೆಸರು ಕೇಳಿದರೆ ನೆನಪಿಲ್ಲ. ಮೊಮ್ಮಕ್ಕಳು ಎಷ್ಟು ಅಂದರೆ ಗೋಡೆ ನೋಡುತ್ತಾಳೆ. ಕುರಿಗಳೆಲ್ಲ ಬಾಯಿಪಾಠ. ಯಾವ ಕುರಿಗೆ ಯಾವ ಕಾಲು ಕುಂಟು, ಯಾವುದು ಮರಿಯನ್ನು ಮೂಸಿ ದೂರ ತಳ್ಳುತ್ತದೆ, ಎಲ್ಲ.

ಹೊರಡುವಾಗ ತಮ್ಮ ಗೇಟಿನ ಹತ್ತಿರ ಮೆಲ್ಲಗೆ ಅಂದ. "ಅಕ್ಕ, ಹಟ್ಟಿಗೆ ಕಳಿಸು ಅವ್ವನ್ನ. ಕುರಿ ಕಣ್ಣಿಗೆ ಬೀಳ್ತಾ ಇದ್ರೆ ಚೆನ್ನಾಗಿರ್ತಾಳೆ."

"ಹೋದ ವರ್ಷ ಯಾರದೋ ಮಂದೆ ಹಿಂದೆ ಜವನಗೊಂಡನಹಳ್ಳಿವರೆಗೂ ನಡೆದು ಹೋದಳಲ್ಲ, ಆಗ ಎಲ್ಲಿದ್ದೆ ನೀನು?"

ಅವನು ತಲೆ ತಗ್ಗಿಸಿದ. ಹಬ್ಬದ ದಿನ ಹಾಗೆ ಅನ್ನಬಾರದಿತ್ತು. ನನ್ನ ಬಾಯಿಗೆ ಬೀಗ ಇಲ್ಲ.

ಬೇವು ಬೆಲ್ಲ ಕೊಟ್ಟರೆ ಅವ್ವ ಬೆಲ್ಲ ಮಾತ್ರ ಆರಿಸಿಕೊಂಡಳು. ಬೇವು ನನ್ನ ಅಂಗೈಗೆ ಹಾಕಿದಳು.


೨೦ ಏಪ್ರಿಲ್, ಮಧ್ಯಾಹ್ನ

ಮೂರು ದಿನದಿಂದ ಹಾಜರಿ ಇಲ್ಲ. ಒಮ್ಮೆ ಅಕ್ಕ ಅಂದಳು, ಒಮ್ಮೆ ಚಿಗವ್ವ. ಯಸೋದಿ ಎಲ್ಲಿ ಅಂದರೆ "ಸ್ಕೂಲಿಗೆ ಹೋಗವಳೆ" ಅಂತಾಳೆ. ಎದುರಿಗೇ ಕೂತಿದ್ದೇನೆ ತಾಯೀ!

ಇವತ್ತು ಕತ್ತರಿ ತೆಗೆದುಕೊಂಡೆ. ಒಂದು ಜಡೆಯ ತುದಿ ಕತ್ತರಿಸಿದೆ. ಸಣ್ಣ ಪಾತ್ರೆ, ಒಂದು ಲೋಟ ನೀರು. ಕುದಿಯುವಾಗ ಹಸಿ ಹುಲ್ಲಿನ ವಾಸನೆ. ಒಲೆ ಆರಿಸಲಿಲ್ಲ. ಡಾಕ್ಟರು ಹೇಳಿದ್ದು ಕಿವಿಯಲ್ಲಿತ್ತು. ನಾನು ಮಕ್ಕಳಿಗೆ ಹೇಳುವ ಪಾಠವೂ ಕಿವಿಯಲ್ಲಿತ್ತು. ಸೋಸಿದೆ, ಆರಿಸಿದೆ, ಅವ್ವನ ಸ್ಟೀಲ್ ಲೋಟಕ್ಕೆ ಹಾಕಿದೆ.

ಏನು, ಯಾಕೆ ಅಂತ ಒಂದು ಮಾತು ಕೇಳಲಿಲ್ಲ. ಕೊಟ್ಟದ್ದನ್ನು ಎರಡು ಕೈಯಲ್ಲೂ ಹಿಡಿದು ತುಟಿಗೆ ಇಟ್ಟಳು. ಚಿಕ್ಕ ಮಕ್ಕಳು ಹಾಲು ಕುಡಿಯುವ ಹಾಗೆ.

ಕಿತ್ತುಕೊಂಡೆ. ಸೀರೆ ಮೇಲೆಲ್ಲ ಚೆಲ್ಲಿತು. ಬಾಯಿ ತೆರೆಸಿ ನೋಡಿದೆ, ಒರೆಸಿದೆ, ನೀರು ಮುಕ್ಕಳಿಸಲು ಕೊಟ್ಟೆ. ಒಳಗೆ ಹೋಗಿಲ್ಲ. ಒಂದು ಹನಿಯೂ ಹೋಗಿಲ್ಲ.

"ಕೊಟ್ಟಿದ್ದನ್ನ ಕಿತ್ಕಂತೀಯಲ್ಲೇ ಯಸೋದಿ. ಯಾವ ಸೀಮೆ ಮಗಳೇ ನೀನು?"

ಯಸೋದಿ ಅಂದಳು! ಕಷಾಯ ಕುಡಿಯದೆಯೇ ಅಂದಳು. ಬಚ್ಚಲಿಗೆ ಹೋಗಿ ಅತ್ತೆ. ಉಳಿದದ್ದನ್ನು ಚರಂಡಿಗೆ ಸುರಿದು ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಇನ್ನು ಆ ಯೋಚನೆಯೇ ಬೇಡ. ಗಿಡ ಗಿಡವಾಗಿರಲಿ.


೧೧ ಮೇ

ಬಿಸಿಲು ಅಂದರೆ ಬಿಸಿಲು. ಗೋಣಿಚೀಲ ಗಂಟೆಗೊಮ್ಮೆ ಒಣಗುತ್ತದೆ. ರಜೆ ಇರುವುದರಿಂದ ಗಿಡ ಬದುಕಿದೆ.

ವಿಚಿತ್ರ ನೋಡು, ಔಷಧಿಯ ಆಸೆ ಬಿಟ್ಟ ಮೇಲೆ ಅದರ ಮೇಲೆ ಪ್ರೀತಿ ಜಾಸ್ತಿಯಾಗಿದೆ. ಬೆಳಿಗ್ಗೆ ಎದ್ದು ಮೊದಲು ಅದರ ತುದಿ ನೋಡುತ್ತೇನೆ. ಕೆಳಗಿನ ಎಲೆಗಳು ಸಣ್ಣಸಣ್ಣದಾಗಿ ಒತ್ತಾಗಿವೆ. ಚೌಡಿಗೆ ಫೋಟೋ ಕಳಿಸಿದೆ. "ಸ್ಪೋರ್ ಬಿಡ್ತಾ ಐತೆ ಕಣೇ! ನನ್ನ ಹತ್ರಾನೇ ಬಿಟ್ಟಿಲ್ಲ, ನಿನ್ನ ಬಚ್ಚಲಲ್ಲಿ ಬಿಡ್ತಾ ಐತೆ!" ಅಂತ ಕಿರುಚಿದಳು. ಹೂವಿಲ್ಲ, ಕಾಯಿಲ್ಲ, ಅದರ ಬದಲಿಗೆ ಬೀಜದ ಕೆಲಸ ಮಾಡುವ ಈ ಪುಡಿ. ಡೈನೋಸಾರ್‌ಗಿಂತ ಹಳೆಯ ವಂಶವಂತೆ. ಇಷ್ಟು ಕಾಲ ಹೀಗೇ ನಡೆಸಿಕೊಂಡು ಬಂದಿದೆ.

ಅವ್ವನಿಗೆ ತೋರಿಸಿದೆ. ಜಡೆ ತಟ್ಟಿದರೆ ಬೆರಳಿಗೆ ಹಳದಿ ಪುಡಿ. ಅವ್ವ ಅದನ್ನು ನೋಡಿ ಕಣ್ಣಿಗೊತ್ತಿಕೊಂಡಳು.

"ಜುಂಜಪ್ಪನ ಭಂಡಾರ" ಅಂದಳು, ನಮ್ಮ ಹಟ್ಟಿ ದೇವರ ಅರಿಶಿನವೇ ಸಿಕ್ಕಿತು ಅನ್ನುವ ಹಾಗೆ. ನನ್ನ ಗಲ್ಲ ಹಿಡಿದು ಹಣೆಗೆ ಹಚ್ಚಿದಳು. "ಸುಖವಾಗಿರು."

ಮುಖ ತೊಳೆಯಲೇ ಇಲ್ಲ. ಸಂಜೆ ದುರುಗಕ್ಕ ಇದೇನು ಹಣೆ ಮೇಲೆ ಅಂದಾಗಲೂ ಹೇಳಲಿಲ್ಲ.


೧ ಜೂನ್

ಸ್ಕೂಲು ಶುರು. ಹೊಸ ಎಚ್‌ಎಮ್ಮು, ಹೊಸ ಟೈಮ್‌ಟೇಬಲ್ಲು, ಹಳೇ ಜಗಳಗಳು. ಗಿಡ ಚೆನ್ನಾಗಿದೆ. ಅವ್ವ ಈಗೀಗ ಸಂಜೆ ಹೊತ್ತು ಬಾಗಿಲಿಗೆ ಬಂದು ನಿಲ್ಲುತ್ತಾಳೆ, "ಕುರಿ ಬರೋ ಹೊತ್ತಾಯ್ತು" ಅಂತ. ಬರುತ್ತವೆ ಇರು ಅನ್ನುತ್ತೇನೆ.


೧೧ ಜೂನ್

ಹೊಡೆದೆ.


೧೩ ಜೂನ್

ಆವತ್ತು ಬರೆಯಲಾಗಲಿಲ್ಲ.

ಸ್ಕೂಲಿನಿಂದ ಬಂದೆ. ದುರುಗಕ್ಕ ನಡುಮನೆಯಲ್ಲಿ ಸೆರಗು ಹೊದ್ದು ಮಲಗಿದ್ದಳು. ಅವ್ವ ಇಲ್ಲ. ಹಿತ್ತಲಿಗೆ ಓಡಿದೆ. ಅಲ್ಲೇ ಇದ್ದಳು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ, ಎರಡು ಕಂಬಗಳ ನಡುವೆ ಮೊಣಕಾಲೆತ್ತರಕ್ಕೆ ಕಟ್ಟಿದ್ದಳು. ಹಗ್ಗಕ್ಕೆ ಸಣ್ಣಸಣ್ಣ ಹಸಿರು ಕಟ್ಟುಗಳು. ಕತ್ತರಿ ಪಕ್ಕದಲ್ಲಿ. ನನ್ನ ಗಿಡ. ಬುಡದವರೆಗೆ ಒಂದು ಜಡೆಯನ್ನೂ ಬಿಡದೆ ಕೊಯ್ದು, ನೀಟಾಗಿ ಕಟ್ಟು ಮಾಡಿ, ಸಾಲಾಗಿ ನೇತುಹಾಕಿದ್ದಳು. ಸುಡು ಬಿಸಿಲು. ಅರ್ಧ ಬಾಡಿಹೋಗಿತ್ತು.

ಅದೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮಂದೆಯ ಜೊತೆ ಮೇಯಲು ಹೋಗಲಾಗದ ಎಳೇ ಮರಿಗಳು ಮುಳ್ಳುಬೇಲಿಯ ರೊಪ್ಪದಲ್ಲೇ ಉಳಿಯುತ್ತವೆ. ಅವಕ್ಕೆ ಸೊಪ್ಪು ಕೊಯ್ದು, ಕಟ್ಟು ಕಟ್ಟಿ, ಮೂತಿಗೆ ಎಟುಕುವಷ್ಟು ಎತ್ತರಕ್ಕೆ ಹಗ್ಗದಲ್ಲಿ ತೂಗುಹಾಕಬೇಕು. ನೆಲಕ್ಕೆ ಹಾಕಿದರೆ ತುಳಿದು ಕೆಡಿಸುತ್ತವೆ. ಚಿಕ್ಕವಳಿದ್ದಾಗ ನಾನೂ ಕಟ್ಟಿದ್ದೇನೆ, ಗಂಟು ಹಾಕಲು ಕಲಿಸಿದವಳು ಅವ್ವ. ಅವಳ ಕಣ್ಣಿಗೆ ನನ್ನ ಮಹಾರಾಣಿ ತೂಗುಹಾಕಿದ ಒಂದು ಕಟ್ಟು ಸೊಪ್ಪು. ಎತ್ತರ ಜಾಸ್ತಿಯಾಗಿದೆ, ಮರಿಗೆ ಎಟುಕುವುದಿಲ್ಲ ಅನ್ನಿಸಿರಬೇಕು.

ಕುಕ್ಕರಗಾಲಲ್ಲಿ ಕೂತು ಕರೆಯುತ್ತಿದ್ದಳು. "ಬಾ... ಬಾ ಬಾ... ಟ್ರ್ರ್ರ್... ಬಾ."

ಇವತ್ತು ಇದೆಲ್ಲ ಬರೆಯುವಾಗ ಅರ್ಥವಾಗುತ್ತದೆ. ಆವತ್ತು ಕಂಡದ್ದು ಬೋಳು ಕುಂಡ ಮಾತ್ರ. "ಏನ್ ಮಾಡ್ದೆ? ಏನ್ ಮಾಡ್ದೆ ನೀನು?" ಅಂತ ಕೂಗಿದೆ. ಅವ್ವ ಬೆರಳು ತುಟಿಗಿಟ್ಟು "ಸುಮ್ಕಿರು, ಮರಿ ಬೆದರ್ತವೆ" ಅಂದಳು. ಆಗ ಹೊಡೆದೆ. ಕೈಗೆ ಹೊಡೆದೆ. ಕತ್ತರಿ ಹಿಡಿದಿದ್ದ ಬಲಗೈಗೆ. ಸದ್ದು ಬಂತು.

ಅವ್ವ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಗೋಡೆಗೆ ಸರಿದಳು. ನನ್ನನ್ನು ನೋಡಿದಳು.

"ತಪ್ಪಾಯ್ತು ಅಮ್ಮಾರೆ. ಹೊಡಿಬ್ಯಾಡ್ರಿ. ನಿಮ್ ಹೊಲದ್ದು ಅಂತ ಗೊತ್ತಿರಲಿಲ್ಲ."

ಬೇರೆಯವರ ಹೊಲದಂಚಿನಲ್ಲಿ ಸೊಪ್ಪು ಕೊಯ್ದು ಸಿಕ್ಕಿಬಿದ್ದಾಗ ಹೊಲದ ಒಡತಿಗೆ ಆಡುವ ಮಾತು. ಅವ್ವ ಇಂಥ ಏಟು ಹಿಂದೆ ಎಲ್ಲಿ ತಿಂದಿದ್ದಳೋ, ನಮಗೆ ಯಾವತ್ತೂ ಹೇಳಿರಲಿಲ್ಲ.

ಅವಳ ಕಾಲ ಹತ್ತಿರ ಕೂತೆ. ಅವ್ವಾ, ನಾನು ಯಸೋದಿ ಅಂದೆ. ಕೈ ಹಿಡಿಯಲು ಹೋದರೆ ಕೊಡಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಗಾದೆಯನ್ನು ಬೋರ್ಡಿನ ಮೇಲೆ ಬರೆಸಿ ವಿಸ್ತರಿಸಿ ಅಂತ ಮಕ್ಕಳಿಗೆ ಹೇಳಿದ್ದೇನೆ, ಕನ್ನಡ ಟೀಚರ್ ರಜೆ ಹಾಕಿದಾಗ.


೧೫ ಜೂನ್

ನನ್ನ ಕೈಯಿಂದ ಊಟ ಮಾಡುತ್ತಿಲ್ಲ. ದುರುಗಕ್ಕ ಕಲಸಿ ಕೊಟ್ಟರೆ ತಿನ್ನುತ್ತಾಳೆ. ನಾನು ಒಳಗೆ ಬಂದರೆ ಎದ್ದು ನಿಲ್ಲುತ್ತಾಳೆ. ಎದ್ದು ನಿಲ್ಲುತ್ತಾಳೆ, ನನ್ನ ಅವ್ವ, ನನ್ನನ್ನು ಕಂಡು.

"ನಾನೇ ಕಣ್ಣು ಮುಚ್ಚಿದ್ದು ಟೀಚರಮ್ಮ, ನಂದೇ ತಪ್ಪು" ಅಂತ ದುರುಗಕ್ಕ ಅಳುತ್ತಾಳೆ. ಅಲ್ಲ ದುರುಗಕ್ಕ, ನಿದ್ದೆ ಮಾಡಿದ್ದಕ್ಕೆ ಯಾರಿಗೂ ನೋವಾಗಲಿಲ್ಲ.

ಬಾಡದೆ ಉಳಿದಿದ್ದ ತುಂಡುಗಳನ್ನು ಆರಿಸಿ ಇಟ್ಟಿದ್ದೆ. ಚೌಡಿಗೆ ಫೋನ್ ಮಾಡಿದೆ. ಅವಳು ಗಿಡದ ವಿಷಯ ಮಾತ್ರ ಕೇಳಿದಳು, ನಾನೂ ಅಷ್ಟೇ ಹೇಳಿದೆ. ಒದ್ದೆ ಪಾಚಿಯ ಮೇಲೆ ಮಲಗಿಸು, ತುದಿ ಮಾತ್ರ ಮೇಲಿರಲಿ, ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಿಡು, ದಿನಾ ಒಂದು ಸಲ ಗಾಳಿಯಾಡಲು ಮುಚ್ಚಳ ತೆಗಿ. ಬೇರು ಬರಲು ತಿಂಗಳುಗಟ್ಟಲೆ. ಬರದೆಯೂ ಇರಬಹುದು. "ಬಿಡೆ, ಇನ್ನೊಂದು ಗಿಡ ಕೊಡ್ತೀನಿ" ಅಂದಳು. ಬೇಡ ಅಂದೆ.


೨೨ ಜೂನ್

ಮಂಜಣ್ಣ ಬಂದ. ಅವ್ವ ಅವನ ಹಿಂದೆ ಅಡಗಿ ನಿಂತು ಅವನ ಕಿವಿಯಲ್ಲಿ ಅಂದದ್ದು ನನಗೆ ಕೇಳಿಸಿತು. "ಹೋಗಾಣ ನಡಿಯಪ್ಪ. ಇವರ ಮನ್ಯಾಗೆ ಬ್ಯಾಡ."

ತಮ್ಮನಿಗೆ ಎಲ್ಲ ಹೇಳಿದೆ. ಬೈಯಲಿ ಅಂತ ಕಾದೆ. ಬೈಯಲಿಲ್ಲ. "ನನಗೂ ಒಂದ್ಸಲ ಕೈ ಎದ್ದಿತ್ತಕ್ಕ" ಅಂದ. "ಇವತ್ತೇ ಕರ್ಕೊಂಡು ಹೋಗ್ತೀನಿ. ಗೇಟು ಹಾಕ್ಸೀನಿ ರೊಪ್ಪಕ್ಕೆ. ಎಲ್ಲೂ ಹೋಗಲ್ಲ."

ಸೀರೆಗಳನ್ನು ಬ್ಯಾಗಿಗೆ ಹಾಕಿದೆ. ಮಾತ್ರೆ ಡಬ್ಬಿ. ಸ್ವೆಟರ್. ಅವಳ ಸ್ಟೀಲ್ ಲೋಟ ಹಾಕಿದೆ, ಮತ್ತೆ ತೆಗೆದಿಟ್ಟುಕೊಂಡೆ.

ಆಟೋ ಹತ್ತುವಾಗ ಅವ್ವ ನನಗೆ ಕೈ ಮುಗಿದಳು.


೨೯ ಜೂನ್

ಹಟ್ಟಿಗೆ ಹೋಗಿದ್ದೆ. ರೊಪ್ಪದ ಬಾಗಿಲಲ್ಲಿ ಕೂತಿದ್ದಳು, ಮಡಿಲಲ್ಲಿ ಮರಿ. ಮುಖ ತುಂಬಿಕೊಂಡಿದೆ. ದೂರದಿಂದ ನೋಡಿದೆ. ಹತ್ತಿರ ಹೋದರೆ ಎದ್ದು ನಿಲ್ಲುತ್ತಾಳೆ ಅನ್ನುವ ಭಯ. ಮಂಜಣ್ಣನ ಹೆಂಡತಿ ಕೊಟ್ಟ ಚಹಾ ಕುಡಿದು ಬಂದೆ.


೧೩ ಜುಲೈ

ತುಂಡುಗಳು ಒಂದೊಂದಾಗಿ ಕೊಳೆಯುತ್ತಿವೆ. ಬುಡ ಕಪ್ಪಾಗುತ್ತದೆ, ಎಲೆ ಉದುರುತ್ತದೆ. ಕಪ್ಪಾದದ್ದನ್ನು ತಕ್ಷಣ ತೆಗೆಯಬೇಕು, ಇಲ್ಲದಿದ್ದರೆ ಪಕ್ಕದ್ದಕ್ಕೂ ಹತ್ತುತ್ತದೆ.

ಇವತ್ತೂ ಹೋಗಿದ್ದೆ. ಹತ್ತಿರ ಹೋದೆ. ಎದ್ದು ನಿಲ್ಲಲಿಲ್ಲ. ಯಾರು ಅಂತ ಕೇಳಲೂ ಇಲ್ಲ. ಮರಿಯ ಮೈಯಿಂದ ಉಣ್ಣೆ ಹುಳ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಆರಿಸಿದೆ. ಬೆರಳಿಗೆ ಬೆರಳು ತಾಗಿತು, ಸರಿಸಲಿಲ್ಲ. ಅಷ್ಟಕ್ಕೇ ಸಂತೋಷವಾಗಿ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳುವುದೇ ಮರೆತೆ. ಕಂಡಕ್ಟರ್ ಬೈದ.


೩ ಆಗಸ್ಟ್

ಒಂದೇ ಉಳಿದಿದೆ. ಡಬ್ಬದ ಮೂಲೆಯದು. ಹಸಿರಾಗಿದೆ, ಅಷ್ಟೆ. ಮುಟ್ಟಿ ನೋಡುವ ಧೈರ್ಯವಿಲ್ಲ.

ಮನೆಯಲ್ಲಿ ಸದ್ದೇ ಇಲ್ಲ. ಬೆಳಿಗ್ಗೆ ಕಾಫಿ ಎರಡು ಲೋಟ ಸೋಸಿಬಿಡುತ್ತೇನೆ. ಎರಡನ್ನೂ ನಾನೇ ಕುಡಿಯುತ್ತೇನೆ.


೧೦ ಆಗಸ್ಟ್, ಬೆಳಿಗ್ಗೆ

ಚಿಗುರಿದೆ!

ತುದಿ ತಿಳಿ ಹಸಿರು. ಭೂತಗನ್ನಡಿ ಹಿಡಿದು ನೋಡಿದೆ, ಬುಡದಲ್ಲಿ ಬಿಳಿ ದಾರದಂಥ ಬೇರು ಪಾಚಿಗೆ ಇಳಿದಿದೆ. ಚೌಡಿಗೆ ಫೋಟೋ ಕಳಿಸಿದೆ. "ಇದನ್ನ ನಂಬಲ್ಲ ನಾನು" ಅಂತ ಬರೆದಳು. ಸ್ಟಾಫ್ ರೂಮಿಗೆ ಸ್ವೀಟ್ ತರಬೇಕು ಅನ್ನಿಸಿತು. ಏನು ಕಾರಣ ಹೇಳುವುದು?

ಇವತ್ತು ಹಟ್ಟಿಗೆ ಹೋಗಲಾಗುವುದಿಲ್ಲ, ಸ್ಕೂಲಿನಲ್ಲಿ ಸ್ವಾತಂತ್ರ್ಯ ದಿನದ ತಾಲೀಮು. ಮುಂದಿನ ವಾರ ಹೋಗಿ ಅವ್ವನಿಗೆ ಹೇಳುತ್ತೇನೆ. ಅರ್ಥವಾಗದಿದ್ದರೂ ಹೇಳುತ್ತೇನೆ.


೧೭ ಆಗಸ್ಟ್, ಭಾನುವಾರ. ಸಂಜೆ, ಬಸ್ಸಿನಲ್ಲಿ

ಕೈ ಅಲ್ಲಾಡುತ್ತಿದೆ, ಅಕ್ಷರ ಹೇಗೆ ಬಂದರೆ ಹಾಗೆ.

ನಾನು ಹೋದಾಗ ಅವ್ವ ಬೇವಿನ ನೆರಳಲ್ಲಿ ಒಬ್ಬಳೇ ಇದ್ದಳು. ನನ್ನನ್ನು ನೋಡಿ ನಕ್ಕಳು.

"ಬರ್ರಿ ಅಮ್ಮಾರೆ, ಕುಂತ್ಕಳ್ರಿ. ಯಾವೂರಾತು?"

"ಹಿರಿಯೂರು."

"ಹಿರಿಯೂರಾ? ನನ್ನ ಮಗಳೂ ಅಲ್ಲೇ ಅವಳೆ. ಟೀಚರು. ಯಸೋದಿ ಅಂತ. ನೋಡೀರಾ?"

ಎಷ್ಟು ತಿಂಗಳಾಗಿತ್ತು ಅವಳ ಬಾಯಲ್ಲಿ ಆ ಹೆಸರು ಕೇಳಿ. ನೋಡಿದೀನಿ ಅಂದೆ.

ಅವ್ವ ಅತ್ತ ಇತ್ತ ನೋಡಿ ನನ್ನ ಹತ್ತಿರಕ್ಕೆ ಸರಿದಳು. ದನಿ ಇಳಿಸಿದಳು.

"ಒಳ್ಳೇಳು. ಸಿಟ್ಟು ಜಾಸ್ತಿ. ಅವಳದ್ದೊಂದು ಗಿಡ ಇತ್ತು, ಜೀವ ಇಟ್ಕಂಡಿದ್ಲು ಅದರ ಮ್ಯಾಲೆ. ಮರಿ ಹಸ್ಕಂಡಿದ್ವು ಅಂತ ನಾನು ಕೊಯ್ದು ಹಾಕ್ಬಿಟ್ಟೆ. ಅವತ್ತಿಂದ ಈ ಕಡೆ ಬಂದೇ ಇಲ್ಲ."

ಮಗನ ಹೆಂಡತಿ ಹೆಸರಿಲ್ಲ, ಗಂಡ ಸತ್ತದ್ದಿಲ್ಲ, ನನ್ನ ಮುಖವಿಲ್ಲ. ಅದೊಂದು ಉಳಿದಿದೆ. ನಾನು ಹೊಡೆದದ್ದೂ ನೆನಪಿಲ್ಲ, ತಾನು ತಪ್ಪು ಮಾಡಿದ್ದು ಮಾತ್ರ ಇದೆ. ಇಷ್ಟು ನೆನಪನ್ನು ಉಳಿಸಲಿಕ್ಕೇ ನಾನು ಫಿಲ್ಟರ್ ನೀರು ಹೊತ್ತದ್ದು? ಅಳಬಾರದು, ಹೆದರುತ್ತಾಳೆ ಅಂತ ತುಟಿ ಕಚ್ಚಿದೆ.

"ಸಿಟ್ಟಿಲ್ಲ ಅವಳಿಗೆ" ಅಂದೆ. "ನನ್ನ ಹತ್ರ ಹೇಳವಳೆ. ಗಿಡಾನೂ ಚಿಗುರೈತೆ. ನಾನೇ ಕಣ್ಣಾರೆ ನೋಡೀನಿ."

"ಚಿಗುರೈತಾ?"

"ಚಿಗುರೈತೆ."

ಅವ್ವ ಎರಡು ಕೈ ಎತ್ತಿ ಮುಗಿದಳು, ಯಾವ ದೇವರಿಗೋ. ಮುಖ ಎಷ್ಟು ಹಗುರಾಯಿತು! ಆಮೇಲೆ ಮತ್ತೆ ಏನೋ ನೆನಪಾಗಿ ಹುಬ್ಬು ಗಂಟಾಯಿತು.

"ಹಂಗಾರೆ ಯಾಕೆ ಬರ್ತಿಲ್ಲ ಅವಳು?"

"ಬರ್ತಾಳೆ. ಬರೋ ಭಾನುವಾರ ಬರ್ತಾಳೆ."

ಮರಿಯೊಂದು ಬಂದು ಅವ್ವನ ಸೆರಗು ಜಗ್ಗಿತು, ಬಿಡಿಸಿಕೊಂಡಳು. ನನ್ನ ಕೈ ಹಿಡಿದುಕೊಂಡಳು. ಅವಳಾಗಿಯೇ ಹಿಡಿದುಕೊಂಡಳು.

"ನನಗೀಗ ಮುಖ ಗುರ್ತು ಸಿಗಲ್ಲ ಅಮ್ಮಾರೆ. ಬಂದ್ರೂ ತಿಳಿಯಲ್ಲ. ನೀವೂ ಅವಳ ಜೊತಿಗೆ ಬರ್ರಿ. ಇವಳೇ ನಿನ್ನ ಮಗಳು ಅಂತ ತೋರಿಸ್ರಿ."

ಬರ್ತೀನಿ ಅಂದೆ. ಇಬ್ಬರೂ ಬರ್ತೀವಿ ಅಂದೆ. ಮುಂದಿನ ಭಾನುವಾರ ನಾವಿಬ್ಬರೂ ಹೋಗಬೇಕು, ಅಮ್ಮಾರೂ ಯಸೋದಿಯೂ.